ಹದ್ದಿನ ಮರಣಕ್ಕೆ ಹಸುವಿನ ಸಾಕ್ಷ್ಯ

ನಮ್ಮ ಕಾವ್ಯಗಳಲ್ಲಿ ರಣಹದ್ದಿಗೆ ಎರಡು ಮುಖಗಳುಂಟು. ಒಂದು ಜಟಾಯುವಿನದು, ಇನ್ನೊಂದು ರಣಭೂಮಿಯ ಹೆಣಗಳ ಮೇಲೆ ಎರಗುವ ಅಮಂಗಳದ ಹಕ್ಕಿಯದು. ಊರಾಚೆ ಎಸೆದ ಸತ್ತ ದನವನ್ನು ಕೊಳೆಯಗೊಡದೆ ಮೂಳೆಗೂಡಾಗಿಸುವ ಅದರ ಸೇವೆಯನ್ನು ಕವಿಗಳು ಅಷ್ಟಾಗಿ ಕಂಡಂತಿಲ್ಲ.

1990ರ ದಶಕದಲ್ಲಿ ಈ ಸೇವಕನೇ ಕಣ್ಮರೆಯಾಗತೊಡಗಿದನು. ಭರತಪುರದ ಕೇವಲಾದೇವ ಉದ್ಯಾನದಲ್ಲಿ ಗೂಡುಗಳು ಬರಿದಾಗುತ್ತಿರುವುದನ್ನು ಪಕ್ಷಿತಜ್ಞ ವಿಭು ಪ್ರಕಾಶರು ಮೊದಲು ಗುರುತಿಸಿದರು. 1992ರಲ್ಲಿ ಭಾರತದಲ್ಲಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ 2007ರ ಹೊತ್ತಿಗೆ ಉಳಿದುದು ಸಾವಿರಕ್ಕೆ ಸುಮಾರು ಒಂದು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳಿಗೆ ಸುಣ್ಣ ಬಳಿದಂತಹ ಬಿಳಿಯ ಲೇಪ; ಅವು ಯೂರಿಕ್ ಆಮ್ಲದ ಹರಳುಗಳು. ಮೂತ್ರಪಿಂಡ ಕೆಟ್ಟಿತ್ತೆಂಬುದು ನಿಶ್ಚಯ. ಕೆಡಿಸಿದ್ದು ಯಾವುದು? ರೋಗಾಣುವೆ, ಕೀಟನಾಶಕವೆ, ಸೀಸವೆ? ಎಲ್ಲವನ್ನೂ ಶೋಧಿಸಿದ್ದಾಯಿತು, ಅಪರಾಧಿ ಸಿಕ್ಕಲಿಲ್ಲ.

ಪಾಕಿಸ್ತಾನದ ಪಂಜಾಬಿನಲ್ಲಿ ಇದೇ ಪಿಡುಗನ್ನು ಅಭ್ಯಸಿಸುತ್ತಿದ್ದ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಕೊನೆಗೆ ಹಕ್ಕಿಯನ್ನು ಬಿಟ್ಟು ಅದರ ಊಟದ ಕಡೆಗೆ ತಿರುಗಿದರು. ದನಗಳಿಗೆ ಯಾವ ಮದ್ದು ಕೊಡುತ್ತೀರೆಂದು ಪಶುವೈದ್ಯರನ್ನೂ ಅಂಗಡಿಯವರನ್ನೂ ವಿಚಾರಿಸಿದರು. ಈ ಶೋಧದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು, ಪ್ರಯೋಗಶಾಲೆಯಿಂದ ಔಷಧದಂಗಡಿಗೆ ಇಳಿದ ಆ ಹೆಜ್ಜೆ. ಅಲ್ಲಿ ದೊರೆತ ಹೆಸರು ಡೈಕ್ಲೋಫೆನಾಕ್; ಮನುಷ್ಯರ ಕೀಲುನೋವಿಗೆ ವೈದ್ಯರು ಬಹುಕಾಲದಿಂದ ಕೊಡುತ್ತಿದ್ದ ಮದ್ದು. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹಕ್ಕಿಗಳನ್ನು ಪರೀಕ್ಷಿಸಿದರೆ 25ರಲ್ಲಿಯೂ ಅದರ ಅಂಶವಿತ್ತು; ಬೇರೆ ಕಾರಣದಿಂದ ಸತ್ತ 13ರಲ್ಲಿ ಒಂದರಲ್ಲಿಯೂ ಇರಲಿಲ್ಲ. 2004ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು.

ಇಲ್ಲಿ ವಿಷವಿಕ್ಕುವ ಉದ್ದೇಶ ಯಾರಿಗೂ ಇರಲಿಲ್ಲವೆಂಬುದೇ ನನ್ನನ್ನು ಕಲಕುವ ಸಂಗತಿ. ಕುಂಟುವ ಎತ್ತಿನ ಸಂಕಟವನ್ನು ನೋಡಲಾರದೆ ರೈತನು ಮದ್ದು ಹಾಕಿಸಿದನು. ಎತ್ತು ಒಂದೆರಡು ದಿನದಲ್ಲಿ ಸತ್ತರೆ ಮದ್ದು ಮಾಂಸದಲ್ಲಿಯೇ ಉಳಿಯಿತು. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ನೆರೆಯುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಸಂತತಿ ಕುಸಿಯುವುದೆಂದು ಗಣಿತ ತೋರಿಸಿತು.

ಭಾರತವು 2006ರಲ್ಲಿ ಪಶುಗಳಿಗಾಗಿ ಇದನ್ನು ತಯಾರಿಸುವುದನ್ನು ನಿಷೇಧಿಸಿತು. ಹದ್ದಿಗೆ ಹಾನಿಮಾಡದ ಮೆಲೋಕ್ಸಿಕಾಮ್ ಅಷ್ಟರಲ್ಲಿ ಗೊತ್ತಾಗಿತ್ತು. ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಮದ್ದು ನಿಂತೀತೆ? ಸಂಶೋಧಕರು ಸತ್ತ ದನಗಳ ಯಕೃತ್ತಿನ ತುಣುಕುಗಳನ್ನು ವರ್ಷವರ್ಷವೂ ಪರೀಕ್ಷಿಸಿದರು. ನಿಷೇಧಕ್ಕೆ ಮೊದಲು ನೂರರಲ್ಲಿ ಸುಮಾರು 10ರಲ್ಲಿ ಮದ್ದಿತ್ತು. ಅನಂತರ ಇಳಿಯಿತು, ಇಲ್ಲವಾಗಲಿಲ್ಲ. ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದವು. 2015ರಲ್ಲಿ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಬೇಕಾಯಿತು. ಎರಡನೆಯದು ದನದ ಮೈಯಲ್ಲಿ ಹಳೆಯ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ!

ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಬಂಡೆಗಳ ಸಂದಿನಲ್ಲಿ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟಿವೆ. ಬೆಟ್ಟದಲ್ಲಿ ಕಾವಲಿದೆ, ಆದರೆ ಅವು ಊಟ ಅರಸಿ ಎಷ್ಟೋ ಮೈಲಿ ಹಾರಿಹೋಗುತ್ತವೆ, ಅಲ್ಲಿನ ಊರೂರಿನಲ್ಲಿ ಔಷಧದಂಗಡಿಗಳಿವೆ.