ದೀಪ ಯಾವಾಗ ಹತ್ತಬೇಕು?

ಬೆಂಗಳೂರಿನ ಕೆ.ಆರ್. ಪುರದಿಂದ ಐಟಿಪಿಎಲ್ ಕಡೆಗೆ ಹೊರಟ ಕಾರು ಗರುಡಾಚಾರ್‌ಪಾಳ್ಯ ಮುಟ್ಟುವಷ್ಟರಲ್ಲಿ ಮೂರನೇ ಗೇರು ಕಂಡರೆ ಅದೃಷ್ಟ. ಮೇಲೆ 2023ರ ಮಾರ್ಚ್‌ನಿಂದ ನೇರಳೆ ಮಾರ್ಗದ ಮೆಟ್ರೋ ಸರಾಗವಾಗಿ ಓಡುತ್ತಿದೆ; ಕೆಳಗೆ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರೂ ಗೂಡ್ಸ್ ಟೆಂಪೋ ಹಿಂದೆಯೇ ತೆವಳಬೇಕು. ಅಂಥ ಕಾರುಗಳ ಡ್ಯಾಶ್‌ಬೋರ್ಡಿನಲ್ಲೋ ಸ್ಟೀರಿಂಗ್ ಮೇಲೋ ಪುಟ್ಟ ದೀಪಗಳ ಸಾಲೊಂದಿರುತ್ತದೆ. ಹೆಸರು ಶಿಫ್ಟ್ ಲೈಟ್. ಎಂಜಿನ್ ಇಂತಿಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟಿತು, ಗೇರು ಬದಲಿಸು ಎಂದು ಚಾಲಕನಿಗೆ ಹೇಳುವುದಷ್ಟೇ ಅದರ ಕೆಲಸ. ಈ ರಸ್ತೆಯಲ್ಲಿ ಅದು ಹತ್ತುವುದೇ ಇಲ್ಲ, ಹಾಗಾಗಿ ಬರೀ ಶೋಕಿ ಅನ್ನಿಸಬಹುದು. ಆದರೆ ಈ ಉಪಕರಣದ ಬೆಲೆ ಇರುವುದು ಅದು ಹತ್ತುವುದರಲ್ಲಲ್ಲ, ಎಲ್ಲಿ ಹತ್ತಬೇಕು ಎಂಬುದನ್ನು ನಾವೇ ಹೊಂದಿಸಬಹುದು ಎಂಬುದರಲ್ಲಿ. ಎಲ್ಲ ಗೇರಿಗೂ ಎಲ್ಲ ರಸ್ತೆಗೂ ಸರಿಹೊಂದುವ ಒಂದೇ ಅಂಕಿ ಇಲ್ಲ.

ದೀಪಕ್ಕೆ ಎಂಜಿನ್ ವೇಗ ತಿಳಿಯುವ ಬಗೆ ಸರಳ. ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಹಲ್ಲಿನ ಚಕ್ರ ಸೆನ್ಸರ್ ಮುಂದೆ ತಿರುಗುತ್ತದೆ. ಹಲ್ಲುಗಳು ಹಾದುಹೋಗುವ ಲೆಕ್ಕದಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಆರ್‌ಪಿಎಂ ಕಂಡುಹಿಡಿಯುತ್ತದೆ. ಅಂಗಡಿಯಿಂದ ತಂದು ಕೂರಿಸುವ ಹಳೆಯ ಮಾದರಿಯ ದೀಪಗಳು ಇಗ್ನಿಷನ್ ಕಾಯಿಲ್‌ನ ಮಿಡಿತವನ್ನೇ ಎಣಿಸುತ್ತವೆ. ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಕಿಡಿ. ಅಂದರೆ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200. ಜನ ಎಡವುವುದು ಇಲ್ಲೇ. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇರುವ ಕಾರಿನಲ್ಲಿ ಒಂದೇ ಕಾಯಿಲ್‌ಗೆ ತಂತಿ ಕೊಟ್ಟರೆ ಸುತ್ತಿಗೆ ಒಂದೇ ಮಿಡಿತ ಸಿಗುತ್ತದೆ. ದೀಪದ ಸೆಟ್ಟಿಂಗನ್ನು ನಾಲ್ಕು ಸಿಲಿಂಡರ್ ಎಂದೇ ಬಿಟ್ಟರೆ 6,000 ಅದಕ್ಕೆ 3,000 ಆಗಿ ಕಾಣುತ್ತದೆ. ಎಂಜಿನ್ ಅರಚಿದರೂ ದೀಪ ಹತ್ತದು. ಸೆಟ್ಟಿಂಗನ್ನು ಎರಡಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ.

ಇನ್ನು ಎಷ್ಟಕ್ಕೆ ಹೊಂದಿಸಬೇಕು? ಮೀಟರಿನ ಕೆಂಪು ಗೆರೆಗೆ ಎನ್ನುವುದು ಹೆಚ್ಚಿನವರ ಉತ್ತರ, ಅದು ಎರಡು ಕಾರಣಕ್ಕೆ ತಪ್ಪು. ಮೊದಲನೆಯದು ಎಂಜಿನ್ನಿನ ಸ್ವಭಾವ. ಗೇರು ಏರಿಸಿದಾಗ ಆರ್‌ಪಿಎಂ ಕುಸಿಯುತ್ತದೆ. ಕುಸಿದು ನಿಂತ ಜಾಗದಲ್ಲಿ ಸಿಗುವ ಶಕ್ತಿ, ಬಿಟ್ಟುಬಂದ ಜಾಗದಲ್ಲಿ ಸಿಗುತ್ತಿದ್ದ ಶಕ್ತಿಗೆ ಸಮವಾಗುವ ಹೊತ್ತೇ ಬದಲಿಸಲು ಸರಿಯಾದ ಹೊತ್ತು. ಸಾಮಾನ್ಯವಾಗಿ ಅದು ಗರಿಷ್ಠ ಶಕ್ತಿಯ ಬಿಂದುವನ್ನು ದಾಟಿದ ಮೇಲೆ ಬರುತ್ತದೆ, ಎಷ್ಟು ದಾಟಿ ಎಂಬುದು ಎರಡು ಗೇರುಗಳ ನಡುವಿನ ಅಂತರದ ಮೇಲೆ ನಿಂತಿದೆ. ಎರಡನೆಯ ಕಾರಣ ಮನುಷ್ಯನೇ. ದೀಪ ಕಂಡು ಕೈ ಆಡಲು ಸುಮಾರು ಕಾಲು ಸೆಕೆಂಡ್ ಬೇಕು. ಮೊದಲ ಗೇರಿನಲ್ಲಿ ಎಂಜಿನ್ ಸೆಕೆಂಡಿಗೆ 4,000 ಆರ್‌ಪಿಎಂನಂತೆ ಏರುತ್ತಿದೆ ಎಂದಿಟ್ಟುಕೊಳ್ಳಿ. ಕಾಲು ಸೆಕೆಂಡಿನಲ್ಲಿ 1,000 ಏರಿಬಿಟ್ಟಿರುತ್ತದೆ. 8,000ಕ್ಕೆ ಬದಲಿಸಬೇಕಿದ್ದರೆ ದೀಪ 7,000ಕ್ಕೇ ಹತ್ತಬೇಕು. ನಾಲ್ಕನೇ ಗೇರಿನಲ್ಲಿ ಏರಿಕೆ ಸೆಕೆಂಡಿಗೆ 800 ಇದ್ದರೆ ಮುಂಗಡ 200 ಸಾಕು. ಗರುಡಾಚಾರ್‌ಪಾಳ್ಯದಲ್ಲಿ ಇಳಿಯುವವರು ಹಿಂದಿನ ನಿಲ್ದಾಣ ಸಿಂಗಯ್ಯನಪಾಳ್ಯ ಬಿಟ್ಟ ಕೂಡಲೇ ಮೆಟ್ರೋ ಬಾಗಿಲ ಕಡೆ ಸರಿಯುವುದೂ ಇದೇ ಲೆಕ್ಕದಲ್ಲಿ. ಒಳ್ಳೆಯ ಶಿಫ್ಟ್ ಲೈಟುಗಳಲ್ಲಿ ಒಂದೊಂದು ಗೇರಿಗೆ ಒಂದೊಂದು ಅಂಕಿ ಕೊಡಲು ಬರುವುದು ಗೇರಿಗೊಂದು ಮುಂಗಡ ಬೇಕೆಂದೇ. ಒಂದೇ ಅಂಕಿ ತೆಗೆದುಕೊಳ್ಳುವ ದೀಪ ಯಾವುದೋ ಒಂದು ಗೇರಿನಲ್ಲಷ್ಟೇ ನಿಜ ಹೇಳುತ್ತದೆ.

ಮೀಟರಿನ ಮುಳ್ಳಿದೆ, ಕಿವಿಯಿದೆ, ದೀಪ ಯಾಕೆ ಎಂಬ ಆಕ್ಷೇಪ ಹಳೆಯದು. ಅದಕ್ಕೆ ಉತ್ತರ ರೇಸಿನಲ್ಲಿದೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಆ ಕಾರಿನದು 3.4 ಲೀಟರಿನ ವಿ6 ಟರ್ಬೊ ಎಂಜಿನ್, ಶಕ್ತಿ ಸುಮಾರು 620 ಅಶ್ವಶಕ್ತಿ. ಇಕ್ಕೆಲದಲ್ಲೂ ತಡೆಗೋಡೆಯಿರುವ ಆ ಬೀದಿಗಳಲ್ಲಿ ಮುಳ್ಳು ಓದಲು ಕಣ್ಣು ಇಳಿಸುವುದು ಯಾರಿಗೆ ಸಾಧ್ಯ? ಹೆಲ್ಮೆಟ್ಟಿನೊಳಗೆ, ಸುತ್ತ ಹತ್ತಾರು ಎಂಜಿನ್ನುಗಳು ಮೊರೆಯುವಾಗ ತನ್ನದರ ದನಿ ಗುರುತಿಸುವುದೂ ಕಷ್ಟ. ಕಣ್ಣಿನ ಅಂಚಿಗೆ ಬಣ್ಣ ಅಷ್ಟಾಗಿ ತಿಳಿಯದು, ಮಿನುಗು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಕೊನೆಯ ಘಟ್ಟದಲ್ಲಿ ಇಡೀ ಸಾಲು ಪಟಪಟನೆ ಮಿನುಗುವಂತೆ ಮಾಡಿರುವುದು ಅದರಿಂದಲೇ. ಎಲ್‌ಇಡಿ ಕ್ಷಣದಲ್ಲಿ ಬೆಳಗುತ್ತದೆ. ತಂತಿಯ ಬಲ್ಬು ಕಾದು ಬೆಳಗಲು ತೆಗೆದುಕೊಳ್ಳುವ ಹೊತ್ತೂ ಇಲ್ಲಿ ದುಬಾರಿ. ರೆವ್ ಲಿಮಿಟರ್ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ಇಂಧನವನ್ನೋ ಕಿಡಿಯನ್ನೋ ಕಡಿದು ಎಂಜಿನ್ ಉಳಿಸುತ್ತದೆ, ನಿಜ. ಆದರೆ ಕಡಿದಷ್ಟು ಹೊತ್ತು ಕಾರಿನ ಎಳೆತ ನಿಂತಿರುತ್ತದೆ. ಲಿಮಿಟರ್ ಮುಟ್ಟದಂತೆ ಓಡಿಸುವುದಕ್ಕೇ ದೀಪ ಇರುವುದು.

ನಮ್ಮ ರಸ್ತೆಗೆ ಇದು ಬೇಡ ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಎರಡನೇ ಗೇರಿನ ತುದಿ ಮುಟ್ಟುವಷ್ಟರಲ್ಲೇ ವೇಗ ಗಂಟೆಗೆ 100 ಕಿ.ಮೀ. ಸಮೀಪಿಸಿರುತ್ತದೆ. ಗರುಡಾಚಾರ್‌ಪಾಳ್ಯದ ಬೀದಿಯಲ್ಲಿ ಆ ದೀಪ ಹತ್ತಿತೆಂದರೆ ಕಾನೂನು ಮುರಿದಂತೆಯೇ. ಅದನ್ನು ಹತ್ತಿಸುವ ಆಸೆಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ಆದರೆ ಅಂಕಿಯನ್ನು 2,500ರ ಆಸುಪಾಸಿಗೆ ಇಳಿಸಿದರೆ ಅದೇ ದೀಪ ಪೆಟ್ರೋಲ್ ಉಳಿಸುವ ಸೂಚಕ. ಸಾಮಾನ್ಯ ಕಾರುಗಳ ಮೀಟರಿನಲ್ಲಿ ಮೂಡುವ ಮೇಲ್ಮುಖ ಬಾಣ ಮಾಡುವುದು ಈ ಕೆಲಸವನ್ನೇ. ಯುರೋಪಿನ ಒಕ್ಕೂಟ 2014ರ ನವೆಂಬರಿನಿಂದ ಮ್ಯಾನ್ಯುವಲ್ ಗೇರಿನ ಹೊಸ ಕಾರುಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿದೆ. ಕೆಟಿಎಂ ಡ್ಯೂಕ್‌ನಂಥ ಬೈಕುಗಳಲ್ಲಂತೂ ಮಿನುಗಲು ಒಂದು, ಸ್ಥಿರವಾಗಿ ಉರಿಯಲು ಇನ್ನೊಂದು ಎಂದು ಎರಡು ಅಂಕಿಗಳನ್ನು ಸವಾರನೇ ಕೊಡಬಹುದು.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಗೇರೇ ಇರದು, ದೀಪ ಯಾವ ಲೆಕ್ಕ ಎಂಬುದು ಉಳಿದ ಆಕ್ಷೇಪ, ಗಟ್ಟಿಯಾದದ್ದೂ ಹೌದು. ತಮಾಷೆಯೆಂದರೆ, 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ, ಗೇರು ಬದಲಿಸುವ ಗೊಡವೆಯೇ ಇಲ್ಲದ ಎಲೆಕ್ಟ್ರಿಕ್ ಕಾರು ರೇವಾ ಕುಶ್ ಅವರ ಚಿಕ್ಕಪ್ಪ ಚೇತನ್ ಮೈನಿಯವರ ಕೂಸು. ಆಟೊಮ್ಯಾಟಿಕ್ ಕಾರುಗಳಲ್ಲೂ ಗೇರಿನ ತೀರ್ಮಾನ ಕಂಪ್ಯೂಟರಿನದೇ. ರೇಸಿನಲ್ಲಿ ಮಾತ್ರ ಹಾಗಲ್ಲ: ಫಾರ್ಮುಲಾ 1ರ ನಿಯಮ ಗೇರು ತಾನಾಗಿ ಬದಲಾಗುವುದನ್ನು ನಿಷೇಧಿಸಿದೆ, ಪ್ರತಿ ಗೇರಿಗೂ ಚಾಲಕನೇ ಪ್ಯಾಡಲ್ ಎಳೆಯಬೇಕು. ಆ ನಿಯಮ ಇರುವವರೆಗೆ ಪ್ರತಿ ಟ್ರ್ಯಾಕಿಗೂ ದೀಪದ ಅಂಕಿಗಳನ್ನು ಹೊಸದಾಗಿ ತಿದ್ದುವ ಎಂಜಿನಿಯರುಗಳಿಗೆ ಕೆಲಸ ಇದ್ದೇ ಇರುತ್ತದೆ.