ತಾಲ್ಲೂಕು ನ್ಯಾಯಾಲಯದ ದಫ್ತರ: ಪಾನಮತ್ತ ಚಾಲನೆಯ ಮಿಸಿಲುಗಳನ್ನು ಅರಸುವ ಬಗೆ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಆಳಂದ. ಪಶ್ಚಿಮಕ್ಕೆ ಹೊರಟರೆ ಅಫಜಲಪುರ. ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿ ದಕ್ಷಿಣಕ್ಕೆ ನಡೆದರೆ ಜೇವರ್ಗಿ. ಲಾಡ್ಲೇ ಮಶಾಕರ ದರ್ಗಾಕ್ಕೂ ದೇವಲ ಗಾಣಗಾಪುರದ ದತ್ತಸನ್ನಿಧಿಗೂ ಹೋಗಿಬರುವ ಯಾತ್ರಿಕರು, ಕಬ್ಬು ನುರಿಸುವ ಕಾಲದಲ್ಲಿ ಭೂಸನೂರು ಹಾವಳಗಾಗಳ ಕಾರ್ಖಾನೆಗಳ ಕಡೆಗೆ ಇರುಳೆಲ್ಲ ತೆವಳುವ ಟ್ರ್ಯಾಕ್ಟರುಗಳು, ಅಕ್ಕಲಕೋಟೆ ಸೋಲಾಪುರಗಳಿಂದ ಗಡಿ ದಾಟಿ ಬರುವ ಲಾರಿಗಳು, ಜನರನ್ನು ಕಿಕ್ಕಿರಿದು ತುಂಬಿಕೊಂಡ ಟಂಟಂ ಕ್ರೂಸರುಗಳು, ಇವೆಲ್ಲವೂ ಈ ಮೂರು ತಾಲ್ಲೂಕುಗಳ ರಸ್ತೆಗಳನ್ನು ಹಂಚಿಕೊಂಡಿವೆ. ಜೇವರ್ಗಿಯಂತೂ 50ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಹಾಗೂ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿ ಮೊದಲಾಗುವ ಊರು. ಇಂತಹ ರಸ್ತೆಯಲ್ಲಿ ಕುಡಿದು ವಾಹನ ನಡೆಸಿದವನ ಮೇಲೆ ಪೊಲೀಸರು ಹೂಡಿದ ಪ್ರಕರಣವು ಮುಂದೆ ಏನಾಯಿತು, ಅದನ್ನು ತಿಳಿಯುವ ಅಧಿಕಾರ ಯಾರಿಗುಂಟು, ಎಲ್ಲಿ ಕೇಳಬೇಕು ಎಂಬುದನ್ನು ಬಲ್ಲವರು ವಕೀಲರನ್ನು ಬಿಟ್ಟರೆ ವಿರಳ. ಆ ಅರಿವಿನ ಆಕರವಾದ ತಾಲ್ಲೂಕು ನ್ಯಾಯಾಲಯದ ದಫ್ತರವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಹೆಲ್ಮೆಟ್ ಧರಿಸದವನು, ದೀಪವಿಲ್ಲದೆ ಗಾಡಿ ಓಡಿಸಿದವನು ಸ್ಥಳದಲ್ಲಿಯೇ ದಂಡ ತೆತ್ತು ರಸೀದಿ ಪಡೆದು ಹೋಗಬಹುದು. ಆದರೆ ಪಾನಮತ್ತ ಚಾಲನೆಯು ಹಾಗೆ ರಾಜಿಯಲ್ಲಿ ಮುಗಿಯತಕ್ಕ ಅಪರಾಧವಲ್ಲ. ಮೋಟಾರು ವಾಹನ ಕಾಯಿದೆಯ 200ನೆಯ ಕಲಮಿನಲ್ಲಿ ರಾಜಿಯೋಗ್ಯ ಅಪರಾಧಗಳ ಪಟ್ಟಿಯುಂಟು, ಅದರಲ್ಲಿ 185ನೆಯ ಕಲಮು ಸೇರಿಲ್ಲ. ಆದುದರಿಂದ ಪ್ರತಿಯೊಂದು ದೂರೂ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಮುಂದೆ ಬರಲೇಬೇಕು. ಬಂದಮೇಲೆ ಅದಕ್ಕೊಂದು ಸಿ.ಸಿ. ನಂಬರು, ಅಂದರೆ ನ್ಯಾಯಾಲಯದ ಪ್ರಕರಣ ಸಂಖ್ಯೆ, ಬೀಳುತ್ತದೆ, ಪೇಶಿಯ ಅಂದರೆ ವಿಚಾರಣೆಯ ತಾರೀಖು ಬೀಳುತ್ತದೆ, ಮಿಸಿಲು ಅಂದರೆ ಪ್ರಕರಣದ ಕಡತ ಕಟ್ಟಲ್ಪಡುತ್ತದೆ. ರಸ್ತೆಯ ಮೇಲೆ ನಡೆದ ಒಂದು ಅವಿವೇಕವು ಸಾರ್ವಜನಿಕ ದಾಖಲೆಯಾಗಿ ಪರಿಣಮಿಸುವುದು ಈ ಕ್ರಮದಿಂದ. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ನಡೆಯುತ್ತಿದ್ದ ಈ ಸೀಮೆಯ ಕಚೇರಿಗಳು 1948ರ ತರುವಾಯ, ವಿಶೇಷವಾಗಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ಕನ್ನಡಕ್ಕೆ ತಿರುಗಿದುವಾದರೂ ಮಿಸಿಲು, ಪೇಶಿ, ನಕಲು, ಶಿರಸ್ತೇದಾರ ಎಂಬ ಹೆಸರುಗಳು ಅಲ್ಲಿಯೇ ನಿಂತಿವೆ. ಪೊಲೀಸರ ದೋಷಾರೋಪಣೆ ಪಟ್ಟಿಯಲ್ಲಿ ಇಂದಿಗೂ ‘ಗುನ್ನೆ ನಂಬರ್’ (ಅಪರಾಧ ಸಂಖ್ಯೆ) ಎಂಬ ಮಾತೂ, ಒಂದು ಕಾಯಿದೆಯ ಕಲಮಿಗೆ ಮತ್ತೊಂದರ ಕಲಮನ್ನು ಜೋಡಿಸುವಾಗ ‘ಸಂಗಡ’ ಎಂಬ ಮಾತೂ ಕಾಣಸಿಗುತ್ತವೆ.

ಮಿಸಿಲನ್ನು ಹುಡುಕುವುದಕ್ಕೆ ಮೊದಲು ಹುಡುಕುವವನ ಕೈಯಲ್ಲಿ ಯಾವುದಾದರೂ ಒಂದು ಎಳೆ ಇರಬೇಕು. ಎಲ್ಲಕ್ಕಿಂತ ಭದ್ರವಾದ ಎಳೆ ಸಿ.ಎನ್.ಆರ್. ಸಂಖ್ಯೆ; ದೇಶದ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ರಕರಣಕ್ಕೂ ಕೊಡುವ ಹದಿನಾರು ಅಕ್ಷರಾಂಕಗಳ ಈ ಗುರುತಿನಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ, ಪ್ರಕರಣದ ಕ್ರಮಾಂಕ, ವರ್ಷ ಎಲ್ಲವೂ ಅಡಗಿರುತ್ತವೆ. ಅದು ತಿಳಿಯದಿದ್ದರೆ ಪೊಲೀಸ್ ಠಾಣೆಯ ಹೆಸರು, ಗುನ್ನೆ ನಂಬರು ಮತ್ತು ವರ್ಷ ಸಾಕು. ಇಲ್ಲಿ ಠಾಣೆಯ ಎಲ್ಲೆಯನ್ನು ಅರಿತಿರುವುದು ಮುಖ್ಯ: ನರೋಣಾ, ನಿಂಬರ್ಗಾ, ಮಾದನಹಿಪ್ಪರಗಾಗಳಲ್ಲಿ ನಡೆದ ಘಟನೆಯನ್ನು ಆಳಂದದ ಕಡೆಗೂ, ದೇವಲ ಗಾಣಗಾಪುರ, ರೇವೂರುಗಳದನ್ನು ಅಫಜಲಪುರದ ಕಡೆಗೂ, ನೆಲೋಗಿಯದನ್ನು ಜೇವರ್ಗಿಯ ಕಡೆಗೂ ನೋಡಬೇಕು. ಹೆಸರನ್ನೇ ಹಿಡಿದು ಹುಡುಕುವುದೂ ಸಾಧ್ಯವಾದರೂ ಅದು ಅತ್ಯಂತ ಅಪಾಯಕರವಾದ ಮಾರ್ಗ. ಬಸವರಾಜ, ಶರಣಪ್ಪ, ಮಲ್ಲಿಕಾರ್ಜುನ, ಮಹಿಬೂಬ ಎಂಬ ಹೆಸರುಗಳು ಈ ನಾಡಿನಲ್ಲಿ ಓಣಿಗೆ ನಾಲ್ಕಿರುತ್ತವೆ. ಗಣಕಯಂತ್ರದಲ್ಲಿ ಒಬ್ಬ ಗುಮಾಸ್ತ ಬರೆದ ಕಾಗುಣಿತ ಮತ್ತೊಬ್ಬನದಕ್ಕೆ ಹೊಂದುವುದಿಲ್ಲ. ತಂದೆಯ ಹೆಸರು, ಊರು, ವಾಹನದ ನಂಬರು ಈ ಮೂರೂ ತಾಳೆಯಾಗುವವರೆಗೆ ‘ಸಿಕ್ಕಿತು’ ಎನ್ನಲಾಗದು. ಇತ್ಯರ್ಥವಾದ ಪ್ರಕರಣಗಳನ್ನೂ ನಡೆಯುತ್ತಿರುವ ಪ್ರಕರಣಗಳನ್ನೂ ಈ ವ್ಯವಸ್ಥೆ ಬೇರೆಬೇರೆಯಾಗಿ ತೋರಿಸುವುದರಿಂದ, ಒಂದರಲ್ಲಿ ಕಾಣದುದನ್ನು ಇನ್ನೊಂದರಲ್ಲಿಯೂ ಅರಸಿ ನೋಡಬೇಕು.

ತೆರೆಯ ಮೇಲೆ ಕಾಣುವುದು ಪ್ರಕರಣದ ದಿನಚರಿ ಮಾತ್ರ. ಅದರ ಜೀವವಿರುವುದು ಮಿಸಿಲಿನಲ್ಲಿ. ಅದನ್ನು ಓದಲು ಅಭ್ಯಾಸ ಬೇಕು. ಮೊದಲು ನೋಡಬೇಕಾದದ್ದು ಘಟನೆಯ ದಿನಾಂಕ, ಏಕೆಂದರೆ ಕಾನೂನು ಕಾಲಕಾಲಕ್ಕೆ ಬದಲಾಗಿದೆ. 1939ರ ಕಾಯಿದೆಯ 117ನೆಯ ಕಲಮಿನಲ್ಲಿದ್ದ ಈ ಅಪರಾಧವು 1988ರ ಕಾಯಿದೆಯಲ್ಲಿ 185ನೆಯದಾಯಿತು. ಆಗ ರಕ್ತದಲ್ಲಿ ಮದ್ಯಸಾರ ಎಷ್ಟು ಸ್ವಲ್ಪವಿದ್ದರೂ ಅದು ಅಪರಾಧವಾಗಿತ್ತು. 1994ರ ತಿದ್ದುಪಡಿಯಿಂದ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮು ಮೀರಿರಬೇಕೆಂಬ ಮಿತಿ ಬಂದಿತು. ಮೊದಲ ಅಪರಾಧಕ್ಕೆ 2,000 ರೂಪಾಯಿಯಿದ್ದ ಜುಲ್ಮಾನೆ 2019ರ ಸೆಪ್ಟೆಂಬರಿನಿಂದ 10,000ಕ್ಕೆ ಏರಿತು. ಆರು ತಿಂಗಳವರೆಗಿನ ಸೆರೆವಾಸವೂ ಉಂಟು. ಮತ್ತೊಮ್ಮೆ ಸಿಕ್ಕಿಬಿದ್ದವನಿಗೆ 15,000 ರೂಪಾಯಿ ಅಥವಾ ಎರಡು ವರ್ಷಗಳವರೆಗಿನ ಸೆರೆ, ಇಲ್ಲವೆ ಎರಡೂ. ಕುಡಿದದ್ದು ಶೇಂದಿಯೋ ಅಂಗಡಿಯ ಬಾಟಲಿಯೋ ಎಂಬುದನ್ನು ಕಾಯಿದೆ ಕೇಳುವುದಿಲ್ಲ. ರಕ್ತದಲ್ಲಿರುವ ಪ್ರಮಾಣವನ್ನಷ್ಟೇ ಕೇಳುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ಈ ಮಿತಿ 80 ಮಿಲಿಗ್ರಾಮಿನಷ್ಟಿರುವುದನ್ನು ನೆನೆದರೆ ನಮ್ಮ ಶಾಸನದ ಬಿಗಿ ಮನವರಿಕೆಯಾಗುತ್ತದೆ. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಮಂದಿ ಮಡಿದ ಪ್ರಕರಣದ ತೀರ್ಪಿನಲ್ಲಿ ಚಾಲಕನ ರಕ್ತದಲ್ಲಿದ್ದ ಮದ್ಯಸಾರವನ್ನು ಶೇಕಡಾ 0.112 ಎಂದು ನಮೂದಿಸಿದೆ. ನಮ್ಮ ಮಿತಿಯ ಲೆಕ್ಕದಲ್ಲಿ ಅದು 112 ಮಿಲಿಗ್ರಾಮು, ಸುಮಾರು ನಾಲ್ಕು ಪಟ್ಟು. ಮೂರು ವರ್ಷಗಳ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಎತ್ತಿಹಿಡಿಯಿತು.

ದಿನಾಂಕದ ಬಳಿಕ ಉಸಿರಿನ ಪರೀಕ್ಷೆಯ ಯಂತ್ರದಿಂದ ಹೊರಬಂದ ಚೀಟಿ. ಅದರಲ್ಲಿ ವೇಳೆ ಮುದ್ರಿತವಾಗಿದೆಯೆ, ಆರೋಪಿಯ ಸಹಿ ಬಿದ್ದಿದೆಯೆ ಎಂದು ನೋಡಬೇಕು. ಅದರ ಹಿಂದೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಪ್ರಮಾಣಪತ್ರ. ಈ ಅಪರಾಧಕ್ಕಾಗಿ ಬಂಧಿತನಾದವನನ್ನು ಎರಡು ಗಂಟೆಗಳೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸದೆ ಹೋದರೆ ಬಿಟ್ಟುಬಿಡತಕ್ಕದ್ದೆಂದು 202ನೆಯ ಕಲಮು ವಿಧಿಸುತ್ತದೆ. ನಟ್ಟಿರುಳಿನಲ್ಲಿ, ಗಡಿಯ ಹಳ್ಳಿಯೊಂದರ ಹತ್ತಿರ ಹಿಡಿದವನನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿ ವೈದ್ಯರನ್ನು ಎಬ್ಬಿಸುವ ಹೊತ್ತಿಗೆ ಆ ಎರಡು ಗಂಟೆ ಎಷ್ಟು ಬೇಗ ಸವೆಯುತ್ತದೆಂಬುದನ್ನು ಈ ಸೀಮೆಯ ರಸ್ತೆಗಳನ್ನು ಕಂಡವರು ಊಹಿಸಬಲ್ಲರು. ಬಾಯಿಂದ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಕಣ್ಣಪಾಪೆ ಹಿಗ್ಗಿತ್ತು ಎಂದು ಬರೆದಿದ್ದರೂ ಅಷ್ಟೇ ಸಾಲದು. ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ ಈ ಲಕ್ಷಣಗಳಿಂದ ಮಾತ್ರವೇ ಅಮಲನ್ನು ನಿರ್ಣಯಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ 1971ರಷ್ಟು ಹಿಂದೆಯೇ ಹೇಳಿತು. ರಕ್ತವನ್ನು ತೆಗೆದಿದ್ದರೆ ಕಲಬುರಗಿಯ ಪ್ರಾದೇಶಿಕ ನ್ಯಾಯವಿಜ್ಞಾನ ಪ್ರಯೋಗಾಲಯದಂತಹ ಸಂಸ್ಥೆಯ ವರದಿ ಮಿಸಿಲಿನಲ್ಲಿರಬೇಕು; ಅದಿಲ್ಲದ ಮಿಸಿಲು ಬಿಡುಗಡೆಯಲ್ಲಿ ಮುಗಿದರೆ ಓದುವವರು ನ್ಯಾಯಾಧೀಶರನ್ನು ದೂರಬಾರದು. ಪುರಾವೆಯ ಸರಪಣಿ ಕಡಿದದ್ದು ಎಲ್ಲಿ ಎಂಬುದನ್ನು ಈ ಹಾಳೆಗಳಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸದು. ಈ ದಾಖಲೆಗಳನ್ನು ನಾಗರಿಕರು ಓದಬೇಕೆಂದು ನಾನು ಒತ್ತಿ ಹೇಳುವುದು ಮುಖ್ಯವಾಗಿ ಈ ಕಾರಣಕ್ಕಾಗಿ.

ಅಧಿಕೃತ ಪ್ರತಿ ಬೇಕಾದವರು ನಕಲು ವಿಭಾಗಕ್ಕೆ ಅರ್ಜಿ ಕೊಡಬೇಕು. ಆರೋಪಿಗೂ, ತೀರ್ಪಿನಿಂದ ಬಾಧಿತರಾದವರಿಗೂ ಪ್ರತಿ ಪಡೆಯುವ ಹಕ್ಕನ್ನು ದಂಡ ಪ್ರಕ್ರಿಯಾ ಸಂಹಿತೆಯ 363ನೆಯ ಕಲಮು ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೊರಗಿನವರಿಗೆ ಪ್ರತಿ ಕೊಡುವ ಕ್ರಮವು ಉಚ್ಚ ನ್ಯಾಯಾಲಯದ ನಿಯಮಗಳಿಗೆ ಬಿಟ್ಟದ್ದು. ಅವರು ತಮಗೇಕೆ ಬೇಕೆಂಬುದನ್ನು ತಿಳಿಸಿ ನ್ಯಾಯಾಲಯದ ಅಪ್ಪಣೆ ಬೇಡಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಿಂದ ಈ ಕೆಲಸವಾದೀತೆಂದು ಬಹಳ ಜನ ಭಾವಿಸಿದ್ದಾರೆ. ಉಚ್ಚ ನ್ಯಾಯಾಲಯದ ನಿಯಮಗಳಲ್ಲಿ ಮಾರ್ಗವಿರುವಾಗ ಆ ಮಾರ್ಗದಿಂದಲೇ ನಕಲು ಪಡೆಯಬೇಕೆಂದು ಗುಜರಾತಿನ ಪ್ರಕರಣವೊಂದರಲ್ಲಿ 2020ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಕೈಗೆ ಬಂದ ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಮೊದಲಾದುವನ್ನು ಬರೆದಿರುತ್ತಾರೆ; ಮೇಲ್ಮನವಿಯ ಅವಧಿಯನ್ನು ಎಣಿಸುವಾಗ ನಕಲಿಗಾಗಿ ಕಾದ ಕಾಲವನ್ನು ಕಳೆಯಲು ಇವೇ ಆಧಾರವಾದುದರಿಂದ ಆ ಪುಟವನ್ನು ಕಳೆದುಕೊಳ್ಳಬಾರದು.

ಈ ನಕಲು ಯಾರಿಗೆ ಬೇಕು? ಕುಡಿದವನ ಲಾರಿಗೆ ಗಂಡನನ್ನು ಕಳೆದುಕೊಂಡು ಪರಿಹಾರಕ್ಕೆ ಅರ್ಜಿ ಹಾಕಿದ ಹೆಣ್ಣುಮಗಳಿಗೆ ಬೇಕು. ಚಾಲಕ ಕುಡಿದಿದ್ದನೆಂಬ ನೆಪದಿಂದ ಹೊಣೆ ಜಾರಿಸಲು ಹವಣಿಸುವ ವಿಮಾ ಕಂಪನಿಗೂ ಬೇಕು, ಅದನ್ನು ಎದುರಿಸುವ ವಕೀಲರಿಗೂ ಬೇಕು. ಶಾಲೆಯ ಬಸ್ಸಿಗೆ ಚಾಲಕನನ್ನು ನೇಮಿಸುವ ಆಡಳಿತ ಮಂಡಳಿಗೆ ತಿಳಿದಿರಬೇಕು. ನೆರೆಯವನ ಮಾನ ಕಳೆಯಲು ಹುಡುಕುವವನಿಗೆ ಇದು ಬೇಕಾಗಿಲ್ಲ, ಅಂಥವನ ಕೈಗೆ ಇದು ಸೇರಬಾರದೆಂದೇ ನನ್ನ ದೃಢವಾದ ಅಭಿಪ್ರಾಯ. ನಡೆಯುತ್ತಿರುವ ಪ್ರಕರಣದಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ಬಿಡುಗಡೆ ಹೊಂದಿದವನ ಹೆಸರು ಹುಡುಕಾಟದಲ್ಲಿ ಸಿಗುತ್ತಲೇ ಇರುವುದು ಅವನಿಗೆ ನ್ಯಾಯವಲ್ಲ. ನಮ್ಮ ಉಚ್ಚ ನ್ಯಾಯಾಲಯವೇ 2017ರ ಜನವರಿಯಲ್ಲಿ, ಬೇರೆಯದೇ ಬಗೆಯ ಒಂದು ಪ್ರಕರಣದಲ್ಲಿ, ಅಂತರ್ಜಾಲದ ಹುಡುಕಾಟಕ್ಕೆ ಹೆಣ್ಣುಮಗಳೊಬ್ಬಳ ಹೆಸರು ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಆದೇಶಿಸಿತು. ಅಧಿಕೃತ ನಕಲಿನಲ್ಲಿ ಮಾತ್ರ ಹೆಸರು ಇದ್ದೇ ಇರತಕ್ಕದ್ದೆಂದಿತು. ಬಾಗಿಲು ತೆರೆದ ನ್ಯಾಯಾಲಯಕ್ಕೂ ಮನುಷ್ಯನ ಮರ್ಯಾದೆಗೂ ಏಕಕಾಲದಲ್ಲಿ ಸಲ್ಲುವ ಗೌರವ ಆ ವಿವೇಚನೆಯಲ್ಲಿದೆ.

ಮಿಸಿಲು ಎಂದೆಂದಿಗೂ ದಫ್ತರದಲ್ಲಿರುವುದಿಲ್ಲ. ಸಣ್ಣ ಪ್ರಕರಣಗಳ ಕಾಗದಗಳನ್ನು ಗೊತ್ತಾದ ಅವಧಿಯ ತರುವಾಯ ನಾಶಗೊಳಿಸಲು 1917ರ ದಾಖಲೆಗಳ ವಿನಾಶ ಕಾಯಿದೆಯಡಿಯ ನಿಯಮಗಳು ಅವಕಾಶ ಕೊಡುತ್ತವೆ. ಹಳೆಯ ಪ್ರಕರಣವನ್ನು ಅರಸುವವರು ತಡಮಾಡದಿರುವುದು ಒಳ್ಳೆಯದು. ಇನ್ನೊಂದು ಸಂದರ್ಭದಲ್ಲಿಯೂ ಮಿಸಿಲು ತಾಲ್ಲೂಕಿನಲ್ಲಿ ಸಿಗದು. ಶಿಕ್ಷೆಗೊಳಗಾದವನು ಮೇಲ್ಮನವಿ ಹೂಡಿದ್ದರೆ ಕೆಳಗಿನ ದಾಖಲೆಗಳನ್ನು ಕಲಬುರಗಿಯ ಸೆಷನ್ಸ್ ನ್ಯಾಯಾಲಯ ತರಿಸಿಕೊಂಡಿರುತ್ತದೆ. ಅಲ್ಲಿಂದಾಚೆಗೆ ಪುನರೀಕ್ಷಣೆಗೆ ಹೋಗಿದ್ದರೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೆ ಹೋಗಿರಬಹುದು. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ತೊಡಗಿ 2013ರ ಆಗಸ್ಟಿನಲ್ಲಿ ಕಾಯಂ ಆದ ಈ ಪೀಠ ಬರುವುದಕ್ಕೆ ಮೊದಲು, ಅಫಜಲಪುರದ ಕಕ್ಷಿದಾರನು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿಗಳ ದಫ್ತರದಲ್ಲಿ ‘ಇಲ್ಲಿಲ್ಲ’ ಎಂಬ ಉತ್ತರ ಬಂದರೆ ಅರ್ಜಿದಾರರು ಹಿಂದಿರುಗದೆ, ಮಿಸಿಲು ಯಾವ ಮೇಲ್ಮನವಿಯ ಸಂಖ್ಯೆಗೆ, ಯಾವ ದಿನ ಹೋಯಿತೆಂಬುದನ್ನು ಶಿರಸ್ತೇದಾರರಲ್ಲಿ ಕೇಳಿ ಬರೆದುಕೊಳ್ಳಬೇಕು. ಮುಂದಿನ ಅರ್ಜಿಯನ್ನು ಆ ಸಂಖ್ಯೆಯ ಮೇಲೆ ಕಲಬುರಗಿಯಲ್ಲಿ ಕೊಡತಕ್ಕದ್ದು.