ವಿದ್ಯುದಾವಿಷ್ಟ ಕಣಗಳ ಗುರುತು

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿರುವ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ 2000ನೆಯ ಇಸವಿಯಲ್ಲಿ ಚಿನ್ನದ ಪರಮಾಣುಬೀಜಗಳನ್ನು ಎದುರುಬದುರಾಗಿ ಓಡಿಸಿ ತಾಕಿಸುವ ಪ್ರಯೋಗಗಳು ಮೊದಲಾದುವು. ಒಂದು ತಾಕಿನಿಂದ ಸಾವಿರಾರು ಕಣಗಳು ಸಿಡಿಯುವುದುಂಟು. ಇವನ್ನು ಕಣ್ಣಿನಿಂದ ಕಂಡವರಾರೂ ಇಲ್ಲ. ದೊರೆಯುವುದು ಅವು ಬಿಟ್ಟುಹೋದ ಜಾಡು ಮಾತ್ರ. ಜಾಡಿನಿಂದ ಕಣದ ಜಾತಿಯನ್ನು ನಿರ್ಣಯಿಸುವುದು ಹೇಗೆ?

ಅಲ್ಲಿನ ‘ಸ್ಟಾರ್’ ಎಂಬ ಉಪಕರಣದಲ್ಲಿ, ಅಯಸ್ಕಾಂತದ ನಡುವೆ, ಸುಮಾರು 4 ಮೀಟರು ವ್ಯಾಸದ ಅನಿಲಕೋಶವೊಂದನ್ನು ಇರಿಸಿದರು. ಆವಿಷ್ಟಕಣವು ಅದರಲ್ಲಿ ಬಾಗಿ ನಡೆಯುತ್ತದೆ. ಬಾಗಿದ ದಿಕ್ಕಿನಿಂದ ಆವೇಶವು ಧನವೋ ಋಣವೋ ತಿಳಿಯುವುದು. ಬಾಗಿನ ಪ್ರಮಾಣವಾದರೋ ಸಂವೇಗವನ್ನು ಆವೇಶದಿಂದ ಭಾಗಿಸಿದ ಲಬ್ಧವನ್ನಷ್ಟೇ ಕೊಡುತ್ತದೆ. ಹಗುರವಾದ ಕಣವು ಬಿರುಸಾಗಿಯೂ ಭಾರವಾದುದು ನಿಧಾನವಾಗಿಯೂ ಓಡಿ ಒಂದೇ ಬಾಗನ್ನು ಬರೆಯಬಹುದು. ಆದುದರಿಂದ ವೇಗವನ್ನು ಬೇರೆಯಾಗಿ ಅಳೆಯಬೇಕು.

ಇದಕ್ಕೆ ಎರಡು ಉಪಾಯಗಳು. ಮೊದಲನೆಯದು, ಓಟದ ಕಾಲವನ್ನು ಅಳೆಯುವುದು. ಶತಕೋಟಿ ಎಲೆಕ್ಟ್ರಾನ್‌ವೋಲ್ಟಿಗೆ ಸಮನಾದ ಸಂವೇಗವಿರುವಾಗ 2 ಮೀಟರು ದಾಟಲು, ಸೆಕೆಂಡಿನ ಶತಕೋಟಿಯ ಒಂದು ಪಾಲನ್ನು ಮಾನವಾಗಿಟ್ಟರೆ, ಪಯಾನಿಗೆ 6.7, ಕೇಯಾನಿಗೆ 7.4, ಪ್ರೋಟಾನಿಗೆ 9.1 ಹಿಡಿಯುವುದು. ಎರಡನೆಯದು, ಅನಿಲದಲ್ಲಿ ಕಣವು ಕಳೆದುಕೊಳ್ಳುವ ಶಕ್ತಿಯನ್ನು ಅಳೆಯುವುದು. ನಿಧಾನವಾದ ಕಣವು ಪ್ರತಿಯೊಂದು ಪರಮಾಣುವಿನ ಬಳಿಯೂ ಹೆಚ್ಚು ಹೊತ್ತಿದ್ದು ಹೆಚ್ಚು ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಆವೇಶವು ಇಮ್ಮಡಿಯಾದರೆ, ವೇಗವು ಅಷ್ಟೇ ಇದ್ದರೂ, ನಷ್ಟವು ನಾಲ್ಮಡಿಯಾಗುವುದು.

ಎರಡೂ ಏತಕ್ಕೆ ಬೇಕೆಂಬುದು ಪ್ರತಿಹೀಲಿಯಂ-4ರ ಶೋಧದಲ್ಲಿ ಸ್ಪಷ್ಟವಾಯಿತು. ಎರಡು ಪ್ರತಿಪ್ರೋಟಾನು, ಎರಡು ಪ್ರತಿನ್ಯೂಟ್ರಾನು ಕೂಡಿದ ಈ ಬೀಜದಲ್ಲಿ ದ್ರವ್ಯರಾಶಿಗೂ ಆವೇಶಕ್ಕೂ ಇರುವ ಪ್ರಮಾಣವು ಪ್ರತಿಡ್ಯೂಟೆರಾನಿನದಕ್ಕೆ ಬಹುಮಟ್ಟಿಗೆ ಸಮ. ಗಡಿಯಾರವನ್ನೇ ನಂಬಿದವನಿಗೆ ಇವೆರಡೂ ಒಂದೇ. ಡ್ಯೂಟೆರಾನಿನ ಜಾತಿಯದಾದರೋ ಬಹಳ ಹೆಚ್ಚಾಗಿ ಹುಟ್ಟುತ್ತದೆ. ಶಕ್ತಿನಷ್ಟವು ಇವನ್ನು ಕೂಡಲೆ ಬೇರ್ಪಡಿಸುವುದು. ಆದರೆ ವೇಗವು ಏರಿದಂತೆ ಶಕ್ತಿನಷ್ಟದಲ್ಲಿ ಪ್ರತಿಹೀಲಿಯಂ-3ಕ್ಕೂ ಪ್ರತಿಹೀಲಿಯಂ-4ಕ್ಕೂ ಭೇದವು ಅಳಿಯುತ್ತದೆ. ಅಲ್ಲಿ ಗಡಿಯಾರವೇ ಗತಿ. ಒಂದು ಸಾಕ್ಷಿಯು ಎಡವುವ ಕಡೆ ಇನ್ನೊಂದು ನಿಲ್ಲುವುದೆಂಬುದು ಇಲ್ಲಿನ ಭಾಗ್ಯವೇ ಸರಿ. ಸಾಮಾನ್ಯ ಹೀಲಿಯಂ ಕಂಡಿದ್ದರೆ ಅದು ಉಪಕರಣದ ಕೊಳವೆಯಿಂದಲೇ ಚಿಮ್ಮಿತೆಂಬ ಸಂಶಯ ಉಳಿಯುತ್ತಿತ್ತು. ಪ್ರತಿಬೀಜಕ್ಕೆ ಆ ಸಂಶಯವಿಲ್ಲ.

ಸುಮಾರು ನೂರು ಕೋಟಿ ತಾಕುಗಳನ್ನು ಶೋಧಿಸಿದ ಮೇಲೆ ದೊರೆತವು 18. 2011ರಲ್ಲಿ ಈ ಸಂಗತಿಯು ಪ್ರಕಟವಾಯಿತು. ಅದಕ್ಕಿಂತ ಭಾರವಾದ ಪ್ರತಿಹೈಪರ್‌ಹೈಡ್ರೋಜನ್-4 ಎಂಬ ಪ್ರತಿಬೀಜವು 2024ರಲ್ಲಿ ಇದೇ ಉಪಕರಣದ ದಾಖಲೆಗಳಲ್ಲಿ ಪ್ರಕಟಗೊಂಡಿತು. ಅದು ಬಹು ಬೇಗ ಒಡೆದುಹೋಗುವಂಥದು. ಒಡೆದಾಗ ಹೊರಟ ಪ್ರತಿಹೀಲಿಯಂ-4ನ್ನೂ ಧನಪಯಾನನ್ನೂ ಗುರುತಿಸಿಯೇ ಅದನ್ನು ಕಂಡುಹಿಡಿದರು.